ಕ್ಲಾರ್ಕ್ ಎಂಬ ಮಾತಿನ ಪೂರ್ವೋತ್ತರ

ಇಂಗ್ಲೆಂಡಿನ ಚರ್ಚಿನಲ್ಲಿ ದೀಕ್ಷೆ ಪಡೆದ ಪಾದ್ರಿಯನ್ನು ಆ ದೇಶದ ಕಾನೂನಿನ ಭಾಷೆ ಇಂದಿಗೂ ಕ್ಲಾರ್ಕ್ ಎಂಬ ಹೆಸರಿನಿಂದಲೇ ಗುರುತಿಸುತ್ತದೆ. ಅದೇ ದೇಶದ ಕಾಮನ್ಸ್ ಸಭೆಯಲ್ಲಿ ಅಧ್ಯಕ್ಷಪೀಠದ ಮುಂದಿನ ಮೇಜಿನ ಬಳಿ ಕುಳಿತು, ಸಭೆಯ ನಿರ್ಣಯಗಳನ್ನು ದಾಖಲಿಸುತ್ತ, ನಿಯಮದ ತೊಡಕು ಬಂದಾಗ ಸಭಾಧ್ಯಕ್ಷರಿಗೇ ಸಲಹೆ ಹೇಳುವ ಹಿರಿಯ ಅಧಿಕಾರಿಯೂ ಕ್ಲಾರ್ಕನೇ. ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕಕ್ಕೆ ಹೋದರೆ, ಅಂಗಡಿಯಲ್ಲಿ ನಿಂತು ಗಿರಾಕಿಗೆ ಸಾಮಾನು ತೆಗೆದುಕೊಡುವವನಿಗೆ ಈ ಹೆಸರು. ನಮ್ಮ ತಾಲ್ಲೂಕು ಕಚೇರಿಗೆ ಬಂದರೆ, ಅರ್ಜಿಗಳಿಗೆ ನಂಬರು ಹಾಕಿ, ಟಿಪ್ಪಣಿ ಬರೆದು, ಮೇಲಿನವರ ರುಜುವಿಗೆ ಇಡುವ ಗುಮಾಸ್ತನಿಗೆ ಈ ಹೆಸರು. ಪೂಜಾರಿ, ಪಂಡಿತ, ಲೇಖಕ, ಲೆಕ್ಕಿಗ, ಅಂಗಡಿಯಾಳು ಇವರೆಲ್ಲರನ್ನೂ ಒಂದೇ ಶಬ್ದ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿರುವುದು ಆಕಸ್ಮಿಕವಲ್ಲ; ಎರಡು ಸಾವಿರ ವರ್ಷಗಳ ಅವಧಿಯಲ್ಲಿ ಯೂರೋಪಿನ ಜನ ಅಕ್ಷರವಿದ್ಯೆಗೆ ಯಾವ ಬೆಲೆ ಕಟ್ಟಿದರು, ಆ ಬೆಲೆ ಯಾವಾಗ ಏರಿತು, ಏಕೆ ಇಳಿಯಿತು ಎಂಬ ಕಥೆಯೇ ಈ ಶಬ್ದದ ಚರಿತ್ರೆಯಾಗಿದೆ.

ಇದರ ಮೂಲ ಗ್ರೀಕ್ ಭಾಷೆಯ ಕ್ಲೇರೋಸ್. ಚೀಟಿ ಎತ್ತಿ ಅದೃಷ್ಟ ನೋಡುವಾಗ ಉಪಯೋಗಿಸುತ್ತಿದ್ದ ಕಡ್ಡಿ, ಕಲ್ಲಿನ ಹರಳು ಅಥವಾ ಮಡಕೆಯ ಚೂರು ಅದರ ಮೊದಲ ಅರ್ಥ. ಹೋಮರನ ಇಲಿಯಡ್ ಕಾವ್ಯದಲ್ಲಿ ಹೆಕ್ಟರನೊಡನೆ ದ್ವಂದ್ವಯುದ್ಧಕ್ಕೆ ಯಾರು ಹೋಗಬೇಕೆಂಬ ಪ್ರಶ್ನೆ ಬಂದಾಗ ವೀರರೆಲ್ಲರೂ ತಮ್ಮ ತಮ್ಮ ಗುರುತಿನ ಹರಳುಗಳನ್ನು ಅಗಮೆಮ್ನನನ ಶಿರಸ್ತ್ರಾಣದೊಳಕ್ಕೆ ಹಾಕುತ್ತಾರೆ. ಅದನ್ನು ಅಲ್ಲಾಡಿಸಿದಾಗ ಹೊರಕ್ಕೆ ಹಾರಿಬಂದದ್ದು ಅಯಾಸನ ಹರಳು. ಆ ಹರಳೇ ಕ್ಲೇರೋಸ್. ಹೀಗೆ ಚೀಟಿ ಎತ್ತಿ ಹಂಚಿದ ಭೂಮಿಗೂ, ತಂದೆಯಿಂದ ಮಗನಿಗೆ ಬಂದ ಆಸ್ತಿಯ ಪಾಲಿಗೂ ಅದೇ ಹೆಸರು ಹತ್ತಿತು. ಇದು ನಮಗೆ ಅಪರಿಚಿತವಾದ ಭಾವವೇನೂ ಅಲ್ಲ: ಪಗಡೆಯಲ್ಲಿ ಬೀಳುವುದೂ ದಾಯ, ಪಿತ್ರಾರ್ಜಿತದಲ್ಲಿ ಬರುವುದೂ ದಾಯ.

ಯೆಹೂದ್ಯರ ಧರ್ಮಗ್ರಂಥವನ್ನು ಗ್ರೀಕ್ ಭಾಷೆಗೆ ತಂದ ಪಂಡಿತರು ಈ ಶಬ್ದಕ್ಕೆ ಹೊಸದೊಂದು ಗೌರವವನ್ನು ಕೊಟ್ಟರು. ಇಸ್ರೇಲಿನ ಹನ್ನೆರಡು ಕುಲಗಳಿಗೆ ಭೂಮಿ ಹಂಚಿದಾಗ ಪೌರೋಹಿತ್ಯದ ಲೇವಿ ಕುಲದವರಿಗೆ ಪಾಲು ದೊರೆಯಲಿಲ್ಲ. ದೇವರೇ ಅವರ ಪಾಲು ಎಂದು ವಿಧಿಯಾಯಿತು. ಕ್ರೈಸ್ತರಲ್ಲಿಯೂ, ಯೂದನು ದ್ರೋಹಿಯಾಗಿ ಸತ್ತ ಮೇಲೆ ತೆರವಾದ ಸ್ಥಾನಕ್ಕೆ ಶಿಷ್ಯರು ಚೀಟಿ ಹಾಕಿ ಮತ್ತೀಯನನ್ನು ಆರಿಸಿದರೆಂದು ಹೇಳುವಲ್ಲಿ ಇದೇ ಶಬ್ದ ಬಂದಿದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಜೆರೋಮನು ನೆಪೋಷಿಯನ್ ಎಂಬ ತರುಣ ಪಾದ್ರಿಗೆ ಬರೆದ ಪತ್ರದಲ್ಲಿ, ಚರ್ಚಿನ ಸೇವಕನಿಗೆ ಕ್ಲೆರಿಕಸ್ ಎಂಬ ಹೆಸರು ಬಂದುದೇಕೆಂದು ವಿವರಿಸುತ್ತ, ಅವನು ದೇವರ ಪಾಲಿಗೆ ಸೇರಿದವನು, ಇಲ್ಲವೆ ದೇವರನ್ನೇ ತನ್ನ ಪಾಲಾಗಿ ಪಡೆದವನು ಎಂದು ಎರಡು ಅರ್ಥಗಳನ್ನು ಹೇಳಿದನು. ಮುಂದೆ ರೋಮನ್ ಚರ್ಚಿನಲ್ಲಿ ಹೊಸಬನ ನೆತ್ತಿಯ ಕೂದಲನ್ನು ಕತ್ತರಿಸಿ ಅವನನ್ನು ಪಾದ್ರಿವರ್ಗಕ್ಕೆ ಸೇರಿಸಿಕೊಳ್ಳುವಾಗ, ಕರ್ತನೇ ತನ್ನ ಸ್ವಾಸ್ತ್ಯವೆಂಬ ಭಾವದ ಕೀರ್ತನೆಯನ್ನು ಅವನ ಬಾಯಿಂದ ಹೇಳಿಸುವುದು ಸಂಪ್ರದಾಯವಾಯಿತು. ಭೂಮಿಕಾಣಿಯ ಆಸೆಯನ್ನು ಬಿಟ್ಟು ಬಂದವನೆಂಬುದೇ ಆಗ ಆ ಹೆಸರಿನ ಹಿರಿಮೆಯಾಗಿದ್ದಿತು.

ಲ್ಯಾಟಿನ್ನಿನ ಕ್ಲೆರಿಕಸ್ ಫ್ರೆಂಚಿನಲ್ಲಿ ಸವೆದು ಕ್ಲೆರ್ ಆಯಿತು. ಚರ್ಚಿನ ಮೂಲಕ ಇಂಗ್ಲೆಂಡಿಗೆ ಮೊದಲೇ ಬಂದಿದ್ದ ಶಬ್ದಕ್ಕೆ 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚಿನ ಬಲವೂ ಕೂಡಿಕೊಂಡಿತು. ರೋಮಿನ ಸಾಮ್ರಾಜ್ಯ ಅಳಿದ ಮೇಲೆ ಪಶ್ಚಿಮ ಯೂರೋಪಿನಲ್ಲಿ ಓದುಬರಹವೆಂಬುದು ಬಹುಮಟ್ಟಿಗೆ ಮಠಗಳಲ್ಲಿ, ಚರ್ಚುಗಳಲ್ಲಿ ಮಾತ್ರ ಉಳಿದುಕೊಂಡಿದ್ದಿತು. ಕತ್ತಿ ಹಿಡಿಯುವ ಸಾಮಂತನಿಗೆ ಲೇಖನಿಯ ಅಗತ್ಯವಿರಲಿಲ್ಲ; ನೇಗಿಲು ಹಿಡಿಯುವ ಒಕ್ಕಲಿಗನಿಗೆ ಅದು ಕೈಗೆಟುಕುವಂತಿರಲಿಲ್ಲ. ಆದುದರಿಂದ ರಾಜನು ಒಂದು ಶಾಸನವನ್ನು ಬರೆಸಬೇಕಾದರೂ, ಸಾಮಂತನು ಒಂದು ದಾನಪತ್ರವನ್ನು ಓದಿಸಬೇಕಾದರೂ ನೆತ್ತಿ ಬೋಳಿಸಿದವನನ್ನೇ ಕರೆಸಬೇಕಾಗಿದ್ದಿತು. ಕ್ಲಾರ್ಕನೆಂದರೆ ಪಾದ್ರಿ, ಪಾದ್ರಿಯೆಂದರೆ ಅಕ್ಷರಸ್ಥ, ಅಕ್ಷರಸ್ಥನೆಂದರೆ ವಿದ್ವಾಂಸ ಎಂದು ಮೂರು ಅರ್ಥಗಳೂ ಒಂದರೊಳಗೊಂದು ಬೆರೆತುಹೋದವು. ಹದಿನಾಲ್ಕನೆಯ ಶತಮಾನದ ಕೊನೆಗೆ ಚಾಸರ್ ಕವಿ ಕ್ಯಾಂಟರ್ಬರಿಯ ಯಾತ್ರಿಕರನ್ನು ಚಿತ್ರಿಸುವಾಗ ಆಕ್ಸ್‌ಫರ್ಡಿನ ಕ್ಲಾರ್ಕನನ್ನು ಎಷ್ಟು ವಾತ್ಸಲ್ಯದಿಂದ ಬಿಡಿಸಿದ್ದಾನೆ! ಅವನ ಕುದುರೆ ಬಡಕಲು, ಅವನ ಮೇಲಂಗಿ ಸವೆದು ನೂಲು ಕಾಣುತ್ತಿದೆ; ಆದರೆ ಮಂಚದ ತಲೆಯ ಕಡೆ ಅರಿಸ್ಟಾಟಲನ ದರ್ಶನದ ಇಪ್ಪತ್ತು ಗ್ರಂಥಗಳಿರಬೇಕೆಂಬುದೇ ಅವನ ಆಸೆ. ಗ್ರಂಥವೊಂದನ್ನು ಕೈಯಿಂದಲೇ ನಕಲು ಮಾಡಬೇಕಾಗಿದ್ದ ಆ ದಿನಗಳಲ್ಲಿ ಇಪ್ಪತ್ತು ಗ್ರಂಥವೆಂಬುದು ಬಡವನಿಗೆ ಕನಸಿನ ಮಾತಾಗಿದ್ದಿತು.

ಅಂಥ ವಿದ್ಯೆ ರಾಜ್ಯದ ಕೆಲಸಕ್ಕೆ ಹೇಗೆ ಒದಗಿತೆಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಎಕ್ಸ್‌ಚೆಕರ್ ಎಂಬ ಬೊಕ್ಕಸದ ಕಚೇರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರಡನೆಯ ಹೆನ್ರಿಯ ಖಜಾನೆಯ ಮುಖ್ಯಾಧಿಕಾರಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್ ಎಂಬಾತನು 1170ರ ದಶಕದ ಕೊನೆಯಲ್ಲಿ ಅದರ ನಡವಳಿಯನ್ನು ಗುರುಶಿಷ್ಯ ಸಂವಾದದ ರೂಪದಲ್ಲಿ ಬರೆಯತೊಡಗಿದನು. ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜು. ಅದರ ಮೇಲೆ ಚೌಕಳಿ ಗೆರೆಗಳ ಬಟ್ಟೆ. ಜಿಲ್ಲೆಗಳಿಂದ ಬಂದ ಷೆರಿಫರು ಒಂದು ಕಡೆ, ರಾಜನ ಅಧಿಕಾರಿಗಳು ಇನ್ನೊಂದು ಕಡೆ. ಬಟ್ಟೆಯ ಮನೆಗಳಲ್ಲಿ ಬಿಲ್ಲೆಗಳನ್ನು ಇಟ್ಟು, ಸರಿಸಿ, ಕಂದಾಯವನ್ನು ಕೂಡಿ ಕಳೆಯುತ್ತಿದ್ದರು. ಖಜಾನೆಯ ಕ್ಲಾರ್ಕನು ಅಧಿಕಾರಿ ಹೇಳಿದುದನ್ನು ಹೇಳಿದಂತೆಯೇ ಬರೆದುಕೊಳ್ಳುತ್ತಿದ್ದನು. ಅವನ ಪಕ್ಕದಲ್ಲಿ ಕುಳಿತ ಚಾನ್ಸಲರನ ಕ್ಲಾರ್ಕನು ಒಂದಕ್ಷರವೂ ವ್ಯತ್ಯಾಸವಾಗದಂತೆ ಅದನ್ನೇ ನೋಡಿ ಎರಡನೆಯ ಪ್ರತಿಯನ್ನು ಮಾಡುತ್ತಿದ್ದನು. ಬರೆಯುತ್ತಿದ್ದುದು ಕುರಿಯ ಚರ್ಮದ ಮೇಲೆ. ಕುರಿಯ ಚರ್ಮವೇ ಏಕೆಂಬುದಕ್ಕೆ ಫಿಟ್ಜ್‌ನೀಲನು ಕೊಡುವ ಕಾರಣ ಮನನೀಯವಾದುದು: ಅದರ ಮೇಲಿನ ಅಕ್ಷರವನ್ನು ಯಾರಾದರೂ ಕೆರೆದು ತಿದ್ದಿದರೆ ಆ ಗುರುತು ಎದ್ದು ಕಾಣುತ್ತದೆ. ಮೋಸವನ್ನು ಮುಚ್ಚಿಕೊಳ್ಳದ ಚರ್ಮವನ್ನೇ ಆರಿಸಿದ ಆ ಹಿರಿಯರ ವಿವೇಕ ದೊಡ್ಡದು. ಈ ಸುರುಳಿಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು 1130ರದು. 1156ರಿಂದ 1832ರವರೆಗೆ ಸುಮಾರು ಏಳು ನೂರು ವರ್ಷಗಳ ಲೆಕ್ಕ ಬಹುಮಟ್ಟಿಗೆ ಎಡೆಬಿಡದೆ ಉಳಿದು ಬಂದಿದೆ. ಆ ಸಾಲುಗಳನ್ನು ಬರೆದ ಕೈಗಳಲ್ಲಿ ಹೆಚ್ಚಿನವುಗಳ ಹೆಸರು ನಮಗೆ ತಿಳಿಯದು. ಆದರೆ ಅಂದಿನ ಇಂಗ್ಲೆಂಡಿನ ಕಂದಾಯ, ದಂಡ, ಸೇತುವೆ, ಕೋಟೆ ಇವುಗಳ ವಿಷಯವಾಗಿ ಚರಿತ್ರಕಾರರು ಹೇಳುವುದರಲ್ಲಿ ಬಹುಪಾಲು ಆ ಅನಾಮಿಕರಿಂದ ಬಂದುದು.

ಓದಲು ಬಾರದ ಷೆರಿಫನ ಕೈಗೆ ರಸೀದಿಯಾಗಿ ಕೊಡುತ್ತಿದ್ದುದು ಕಾಗದವನ್ನಲ್ಲ, ಕಚ್ಚು ಹಾಕಿದ ಮರದ ಕಡ್ಡಿಯನ್ನು. ಸಾವಿರ ಪೌಂಡಿಗೆ ಅಂಗೈಯಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಗಲ, ಇಪ್ಪತ್ತಕ್ಕೆ ಕಿರುಬೆರಳಿನಗಲ, ಒಂದು ಪೌಂಡಿಗೆ ಉಬ್ಬಿದ ಜವೆಗೋಧಿಯ ಕಾಳಿನಷ್ಟು. ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಹೋಳನ್ನು ಅವನಿಗೆ ಕೊಟ್ಟು ಇನ್ನೊಂದನ್ನು ಬೊಕ್ಕಸದಲ್ಲಿ ಇಟ್ಟುಕೊಳ್ಳುವರು. ಮುಂದೆ ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡಿದರಾಯಿತು. ಬರಹದ ಜೊತೆಜೊತೆಗೇ ಈ ಕಡ್ಡಿಗಳೂ ಹತ್ತೊಂಬತ್ತನೆಯ ಶತಮಾನದವರೆಗೆ ನಡೆದು ಬಂದುವೆಂಬುದು ಆಶ್ಚರ್ಯ. ಕೊನೆಗೆ ಬೇಡವಾದ ಹಳೆಯ ಕಡ್ಡಿಗಳ ರಾಶಿಯನ್ನು 1834ರ ಅಕ್ಟೋಬರ್ 16ರಂದು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಲ್ಲಿ ಸುಡಲು ಹೋಗಿ, ಬೆಂಕಿ ಕೈಮೀರಿ, ಪಾರ್ಲಿಮೆಂಟಿನ ಹಳೆಯ ಅರಮನೆಯ ಬಹುಭಾಗವೇ ಭಸ್ಮವಾಯಿತು.

ಕ್ಲಾರ್ಕನೆಂಬ ಹೆಸರಿಗೆ ಪ್ರಾಣದ ಬೆಲೆಯೇ ಬಂದ ಕಥೆಯೊಂದುಂಟು. ಚರ್ಚಿನವನು ಅಪರಾಧ ಮಾಡಿದರೆ ಅವನನ್ನು ವಿಚಾರಿಸಬೇಕಾದುದು ರಾಜನ ನ್ಯಾಯಾಲಯವೋ ಚರ್ಚಿನ ನ್ಯಾಯಾಲಯವೋ ಎಂಬುದು ಎರಡನೆಯ ಹೆನ್ರಿಗೂ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ಗೂ ನಡೆದ ವಿವಾದದಲ್ಲಿ ಮುಖ್ಯವಾದೊಂದು ಅಂಶ. 1164ರಲ್ಲಿ ರಾಜನು ತನ್ನ ಪಕ್ಷವನ್ನು ಕ್ಲಾರೆಂಡನ್ನಿನ ವಿಧಿಗಳಲ್ಲಿ ಬರೆಸಿದನು, ಬೆಕೆಟ್ ಒಪ್ಪಲಿಲ್ಲ. 1170ರ ಡಿಸೆಂಬರ್ 29ರಂದು ರಾಜನ ಕಡೆಯ ನಾಲ್ವರು ಯೋಧರು ಅವನನ್ನು ಅವನ ದೇವಾಲಯದೊಳಗೇ ಕಡಿದುಹಾಕಿದರು. ಬದುಕಿದ್ದಾಗ ಗೆಲ್ಲದಿದ್ದ ವಾದ ಸತ್ತ ಮೇಲೆ ಗೆದ್ದಿತು. ಘೋರ ಅಪರಾಧದ ಆಪಾದನೆಗೆ ಒಳಗಾದ ಕ್ಲಾರ್ಕನನ್ನು ಚರ್ಚಿನ ವಶಕ್ಕೆ ಒಪ್ಪಿಸಬೇಕೆಂದು ರಾಜನು ಒಪ್ಪಿಕೊಳ್ಳಬೇಕಾಯಿತು. ಚರ್ಚಿನ ನ್ಯಾಯಾಲಯಕ್ಕೆ ಮರಣದಂಡನೆಯನ್ನು ವಿಧಿಸುವ ಅಧಿಕಾರವಿರಲಿಲ್ಲವಾದುದರಿಂದ ಇದು ನೇಣಿನಿಂದ ಬಿಡುಗಡೆಯೇ ಸರಿ.

ಆದರೆ ನಿಂತವನು ಕ್ಲಾರ್ಕನೆಂದು ಗೊತ್ತುಮಾಡುವುದು ಹೇಗೆ? ಮೊದಮೊದಲು ನೆತ್ತಿಯ ಬೋಳನ್ನೂ ಉಡುಪನ್ನೂ ನೋಡುತ್ತಿದ್ದರು. ಬೋಳನ್ನು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದಾದುದರಿಂದ ಕ್ರಮೇಣ ಓದನ್ನೇ ಪರೀಕ್ಷೆಯಾಗಿ ಇಟ್ಟರು. ಮೂರನೆಯ ಎಡ್ವರ್ಡನ ಕಾಲದ 1351ರ ಕಾಯಿದೆಯ ತರುವಾಯ ಈ ರಕ್ಷಣೆ ಮಠದೊಳಗಿನವರನ್ನು ದಾಟಿ ಹೊರಗಿನವರಿಗೂ ಹರಡಿ, ಕಾಲಕ್ರಮದಲ್ಲಿ ಓದಬಲ್ಲ ಯಾವ ಗಂಡಸಿಗಾದರೂ ದೊರೆಯತೊಡಗಿತು. ಹನ್ನೆರಡು ಪೆನ್ಸಿಗಿಂತ ಹೆಚ್ಚು ಬೆಲೆಯ ವಸ್ತುವನ್ನು ಕದ್ದವನನ್ನು ಗಲ್ಲಿಗೇರಿಸುತ್ತಿದ್ದ ದೇಶ ಅದು ಎಂಬುದನ್ನು ಮರೆಯಬಾರದು. ಅಪರಾಧಿಯ ಕೈಗೆ ಕೀರ್ತನೆಗಳ ಪುಸ್ತಕವನ್ನು ಕೊಡುವರು. ರೂಢಿಯಾಗಿ ತೆರೆದುಕೊಡುತ್ತಿದ್ದುದು ಐವತ್ತೊಂದನೆಯ ಕೀರ್ತನೆಯ ಮೊದಲ ಪದ್ಯ, ಪಶ್ಚಾತ್ತಾಪದಿಂದ ಕರುಣೆಯನ್ನು ಬೇಡುವ ಪದ್ಯ. ಓದುತ್ತಾನೆಯೋ ಇಲ್ಲವೋ ಎಂದು ನ್ಯಾಯಾಧೀಶನು ಲ್ಯಾಟಿನ್ನಿನಲ್ಲಿ ಕೇಳುವನು. ಬಿಷಪನ ಪ್ರತಿನಿಧಿ ಓದುತ್ತಾನೆ ಎಂದರೆ ಜೀವ ಉಳಿಯಿತು, ಇಲ್ಲ ಎಂದರೆ ಹಗ್ಗ. ಆ ಪದ್ಯಕ್ಕೆ ಜನ ಕೊರಳಿನ ಪದ್ಯವೆಂದೇ ಹೆಸರಿಟ್ಟರು. ಅಕ್ಷರ ಬಾರದವರು ಅದನ್ನು ಬಾಯಿಪಾಠ ಮಾಡಿಕೊಂಡು ಪುಸ್ತಕದ ಮೇಲೆ ಕಣ್ಣಾಡಿಸುತ್ತ ಒಪ್ಪಿಸುತ್ತಿದ್ದುದೂ ಉಂಟು. ಇದನ್ನು ಮೋಸವೆಂದು ಕರೆಯಲು ನನಗೆ ಮನಸ್ಸು ಬಾರದು. ಕಾಯಿದೆ ಅಷ್ಟು ಕ್ರೂರವಾಗಿದ್ದಾಗ, ಕೇಳಿಯೂ ಕೇಳದಂತೆ ಇದ್ದ ನ್ಯಾಯಾಧೀಶರಲ್ಲಿ ದಯೆಯಿದ್ದಿತೆಂದು ಹೇಳುವುದೇ ಹೆಚ್ಚು ಉಚಿತ.

1489ರಲ್ಲಿ ಏಳನೆಯ ಹೆನ್ರಿ ಇದಕ್ಕೊಂದು ಮಿತಿಯನ್ನು ಹಾಕಿದನು. ದೀಕ್ಷೆ ಪಡೆಯದ ಅಕ್ಷರಸ್ಥನಿಗೆ ಈ ರಿಯಾಯಿತಿ ಒಂದೇ ಸಲ. ಎರಡನೆಯ ಸಲ ಬಂದರೆ ಗುರುತು ಸಿಕ್ಕುವಂತೆ ಎಡಗೈಯ ಹೆಬ್ಬೆರಳಿಗೆ ಕಾದ ಕಬ್ಬಿಣದ ಬರೆ. ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ಹಾಕ್ಸ್‌ಟನ್ ಬಯಲಿನಲ್ಲಿ ಗೇಬ್ರಿಯಲ್ ಸ್ಪೆನ್ಸರ್ ಎಂಬ ನಟನನ್ನು ಕತ್ತಿಯ ಕಾಳಗದಲ್ಲಿ ಕೊಂದನು. ಇಟ್ಟಿಗೆ ಕೆಲಸದವನ ಮಲಮಗನಾದರೂ ವೆಸ್ಟ್‌ಮಿನ್ಸ್ಟರ್ ಶಾಲೆಯಲ್ಲಿ ಕ್ಯಾಮ್ಡೆನ್ ಎಂಬ ದೊಡ್ಡ ಪಂಡಿತನ ಬಳಿ ಲ್ಯಾಟಿನ್ ಕಲಿತಿದ್ದವನು. ಪದ್ಯವನ್ನು ಓದಿದನು, ಸ್ವತ್ತನ್ನು ಕಳೆದುಕೊಂಡನು, ಹೆಬ್ಬೆರಳಿಗೆ ಬರೆ ಹಾಕಿಸಿಕೊಂಡು ಹೊರಗೆ ಬಂದನು. ವೋಲ್ಪೋನೆ, ದಿ ಆಲ್ಕೆಮಿಸ್ಟ್ ಮೊದಲಾದ ನಾಟಕಗಳೆಲ್ಲವೂ ಆ ಕೈಯವನು ಅನಂತರ ಬರೆದವು. ಹೆಂಗಸರಿಗೆ ಈ ರಿಯಾಯಿತಿ ಬಹುಕಾಲ ದೊರೆಯಲೇ ಇಲ್ಲ. ಗಂಡಸರಿಗೆ ಸಮನಾಗಿ ದೊರೆತುದು ಹದಿನೇಳನೆಯ ಶತಮಾನದ ಕೊನೆಗೆ. 1706ರಲ್ಲಿ ಓದಿನ ಪರೀಕ್ಷೆಯನ್ನೇ ತೆಗೆದುಹಾಕಿದರು. ಬಾಸ್ಟನ್ನಿನಲ್ಲಿ 1770ರಲ್ಲಿ ಜನರ ಗುಂಪಿನ ಮೇಲೆ ಗುಂಡು ಹಾರಿಸಿದ ಇಂಗ್ಲಿಷ್ ಸಿಪಾಯಿಗಳಲ್ಲಿ ಅಪರಾಧಿಗಳೆಂದು ತೀರ್ಮಾನವಾದ ಇಬ್ಬರು ಕ್ಲಾರ್ಕನ ಈ ಹಳೆಯ ಹಕ್ಕನ್ನೇ ಹಿಡಿದು, ಹೆಬ್ಬೆರಳಿಗೆ ಬರೆ ಹಾಕಿಸಿಕೊಂಡು ಬಿಡುಗಡೆಯಾದರು. ಅವರ ಪರವಾಗಿ ವಾದಿಸಿದವನು ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಆಡಮ್ಸ್. ಇಂಗ್ಲೆಂಡಿನಲ್ಲಿ ಈ ಹಕ್ಕು 1827ರಲ್ಲಿ ರದ್ದಾಯಿತು.

ಉಚ್ಚಾರಣೆಯ ವಿಷಯವಾಗಿ ಎರಡು ಮಾತು. ಮಧ್ಯಯುಗದ ಕೊನೆಯ ಭಾಗದಲ್ಲಿ ಇಂಗ್ಲಿಷಿನ ಅನೇಕ ಶಬ್ದಗಳೊಳಗಿನ ಎರ್ ಎಂಬ ಧ್ವನಿ ಆರ್ ಎಂದು ತಿರುಗಿತು. ಕ್ಲರ್ಕ್ ಎಂದು ಬರೆದು ಕ್ಲಾರ್ಕ್ ಎಂದು ಓದುವುದು, ಡರ್ಬಿ ಎಂಬ ಊರನ್ನು ಡಾರ್ಬಿ ಎನ್ನುವುದು ಅದರ ಫಲ. ಅಮೆರಿಕದವರು ಬರಹವನ್ನೇ ಅನುಸರಿಸಿ ಕ್ಲರ್ಕ್ ಎನ್ನುತ್ತಾರೆ. ನಮ್ಮಲ್ಲಿ ಎರಡೂ ಬಳಕೆಯಲ್ಲಿವೆ. ಚರ್ಚಿನ ಕೆಳದರ್ಜೆಯ ಕ್ಲಾರ್ಕರಿಗೆ ಮದುವೆಯಾಗುವ ಸ್ವಾತಂತ್ರ್ಯವಿದ್ದುದರಿಂದ ಅವರ ಸಂತತಿ ಬೆಳೆದು, ಉಚ್ಚಾರಣೆಯಂತೆಯೇ ಬರೆದ ಕ್ಲಾರ್ಕ್ ಎಂಬುದು ಇಂಗ್ಲಿಷರಲ್ಲಿ ಸರ್ವಸಾಧಾರಣವಾದ ಮನೆತನದ ಹೆಸರಾಯಿತು.

ಅಚ್ಚಿನ ಯಂತ್ರ ಬಂದು, ಶಾಲೆಗಳು ಹೆಚ್ಚಿ, ವರ್ತಕನ ಮಗನೂ ರೈತನ ಮಗನೂ ಓದಲು ಕಲಿತಂತೆಲ್ಲ ಈ ಶಬ್ದದ ಪದವಿ ಇಳಿಯುತ್ತ ಬಂದಿತು. ವಿದ್ವಾಂಸನಿಗೆ ಬೇರೆ ಹೆಸರುಗಳು ದೊರೆತವು. ಪಾದ್ರಿಗೆ ಬೇರೆ ಹೆಸರುಗಳು ಬಂದವು. ಬರೆಯುವ ಕೆಲಸವೊಂದು ಮಾತ್ರ ಹಳೆಯ ಹೆಸರಿನ ಪಾಲಿಗೆ ಉಳಿಯಿತು. ಬರೆಯಬಲ್ಲವರು ಕೆಲವರೇ ಇದ್ದಾಗ ಜೀವ ಉಳಿಸಿದ ವಿದ್ಯೆ, ಬರೆಯಬಲ್ಲವರು ಊರ ತುಂಬ ಆದಾಗ ವಾರದ ಸಂಬಳದ ವಿದ್ಯೆಯಾಯಿತು. ಡಿಕನ್ಸನು 1843ರ ತನ್ನ ಕ್ರಿಸ್ಮಸ್ ಕಥೆಯಲ್ಲಿ ಬಾಬ್ ಕ್ರ್ಯಾಚಿಟ್ ಎಂಬ ಗುಮಾಸ್ತನಿಗೆ ವಾರಕ್ಕೆ ಹದಿನೈದು ಷಿಲಿಂಗ್ ಕೊಡಿಸಿದ್ದಾನೆ. ಹದಿಹರೆಯದಲ್ಲಿ ತಾನೇ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿದಿದ್ದ ಅವನಿಗೆ ಆ ಬಾಳು ಗೊತ್ತಿತ್ತು. ಶಬ್ದ ಇಳಿದುದು ವಿದ್ಯೆ ಹರಡಿದುದರ ಲಕ್ಷಣವಾದುದರಿಂದ ಅದಕ್ಕಾಗಿ ಮರುಗಬೇಕಾದುದಿಲ್ಲ; ಆದರೆ ಶಬ್ದದ ಜೊತೆಗೆ ಆ ಕೆಲಸ ಮಾಡುವವನ ಮರ್ಯಾದೆಯೂ ಇಳಿದುದು ಅನ್ಯಾಯವೆಂದೇ ನನ್ನ ಭಾವನೆ. ಗುಮಾಸ್ತಗಿರಿ ಎಂಬ ಮಾತನ್ನು ಹಗುರವಾಗಿ ಆಡುವವರು ಎಕ್ಸ್‌ಚೆಕರಿನ ಮೇಜಿನ ಬಳಿ ಕುಳಿತು ಒಂದಕ್ಷರವೂ ತಪ್ಪದಂತೆ ನಕಲು ಮಾಡುತ್ತಿದ್ದವನನ್ನು ನೆನೆಯುವುದಿಲ್ಲ.

ನಮ್ಮ ದೇಶಕ್ಕೂ ಈ ಶಬ್ದಕ್ಕೂ ಗಂಟು ಬಿದ್ದುದು ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯಲ್ಲಿ. ಪ್ರಬಂಧಕಾರ ಚಾರ್ಲ್ಸ್ ಲ್ಯಾಮ್ 1792ರಿಂದ 1825ರವರೆಗೆ, ಮೂವತ್ತಮೂರು ವರ್ಷ, ಅಲ್ಲಿಯ ಲೆಕ್ಕದ ವಿಭಾಗದಲ್ಲಿ ಗುಮಾಸ್ತನಾಗಿದ್ದನು. ಬುದ್ಧಿವಿಕಲ್ಪಕ್ಕೆ ಆಗಾಗ ಒಳಗಾಗುತ್ತಿದ್ದ ಅಕ್ಕ ಮೇರಿಯನ್ನು ಸಾಕುವುದಕ್ಕಾಗಿ ಹಗಲೆಲ್ಲ ಕಂಪೆನಿಯ ದಪ್ಪ ಲೆಕ್ಕದ ಪುಸ್ತಕಗಳನ್ನು ತುಂಬಿ, ರಾತ್ರಿ ಪ್ರಬಂಧಗಳನ್ನು ಬರೆದನು. ತನ್ನ ನಿಜವಾದ ಗ್ರಂಥಗಳು ಲೆಡನ್‌ಹಾಲ್ ಬೀದಿಯ ಕಪಾಟುಗಳಲ್ಲಿವೆಯೆಂದು ಹೇಳಿಕೊಂಡನು. ನಿವೃತ್ತನಾದಾಗ ಅವನಿಗೆ ಬಂದ ಬಿಡುವು ಎಷ್ಟು ದಿಗ್ಭ್ರಮೆಯನ್ನು ತಂದಿತೆಂಬುದನ್ನು ಅದೇ ವರ್ಷ ಬರೆದ ಪ್ರಬಂಧದಲ್ಲಿ ಕಾಣಬಹುದು. ಅದೇ ಕಟ್ಟಡದ ಇನ್ನೊಂದು ವಿಭಾಗಕ್ಕೆ ಜಾನ್ ಸ್ಟೂಅರ್ಟ್ ಮಿಲ್ 1823ರಲ್ಲಿ ಕಿರಿಯ ಗುಮಾಸ್ತನಾಗಿ ಸೇರಿ, ಕಂಪೆನಿಯ ಆಡಳಿತ ಮುಗಿಯುವವರೆಗೂ ಅಲ್ಲಿಯೇ ಇದ್ದನು.

ಇಂಡಿಯಕ್ಕೆ ಬಂದ ಕಂಪೆನಿಯ ನೌಕರರಲ್ಲಿ ತೀರ ಕೆಳಗಿನ ದರ್ಜೆಯವನಿಗೆ ಕ್ಲಾರ್ಕ್ ಎನ್ನದೆ ರೈಟರ್ ಎನ್ನುತ್ತಿದ್ದರು. ರಾಬರ್ಟ್ ಕ್ಲೈವ್ 1744ರಲ್ಲಿ ಮದರಾಸಿಗೆ ಬಂದುದು ರೈಟರನಾಗಿಯೇ. ಕಂಪೆನಿ ಹೋಗಿ ಎಷ್ಟೋ ಕಾಲವಾದರೂ ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಆಳುಗಳ ಹಾಜರಿ ಹಾಕಿ ಬಟವಾಡೆಯ ಲೆಕ್ಕ ಬರೆಯುವವರು ಇಂದಿಗೂ ರೈಟರು. ಪೊಲೀಸು ಠಾಣೆಯಲ್ಲಿ ದೂರು ಬರೆದುಕೊಳ್ಳುವವರೂ ರೈಟರು. ಗುಮಾಸ್ತ ಎಂಬ ಶಬ್ದ ಪಾರಸಿಯಿಂದ ಬಂದುದು. ನೇಮಕಗೊಂಡವನೆಂದು ಅದರ ಅರ್ಥ. ಬಂಗಾಳದಲ್ಲಿ ಕಂಪೆನಿಯ ಪರವಾಗಿ ನೇಕಾರರಿಂದ ಬಟ್ಟೆ ವಸೂಲು ಮಾಡುತ್ತಿದ್ದ ಕಾರ್ಯಭಾರಿಗೆ ಸಲ್ಲುತ್ತಿದ್ದ ಈ ಹೆಸರು ನಮ್ಮಲ್ಲಿ ಅಂಗಡಿ ಕಚೇರಿಗಳ ಲೆಕ್ಕ ಬರೆಯುವವನಿಗೆ ನಿಂತಿತು.

ಇಂಗ್ಲಿಷಿನವರ ಮೇಜು ಕುರ್ಚಿ ಬರುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಕನ್ನಡನಾಡಿನಲ್ಲಿ ಸೇನಬೋವನಿದ್ದನು. ಶಾಸನಗಳ ಕೊನೆಯಲ್ಲಿ, ದಾನಿಯ ಹೆಸರು, ಸಾಕ್ಷಿಗಳ ಹೆಸರು ಎಲ್ಲ ಮುಗಿದ ಮೇಲೆ, ಬರೆದವನು ಇಂಥ ಸೇನಬೋವನೆಂದು ಹೇಳುವ ವಾಡಿಕೆಯುಂಟು. ಎಕ್ಸ್‌ಚೆಕರಿನ ಅನಾಮಿಕರಿಗೆ ದೊರೆಯದ ಭಾಗ್ಯ ಇದು. ಆ ಸೇನಬೋವನೇ ಶಾನುಭೋಗನಾಗಿ, ತಲೆಮಾರಿನಿಂದ ತಲೆಮಾರಿಗೆ ಊರಿನ ಹೊಲಗದ್ದೆಗಳ ಎಲ್ಲೆಯನ್ನೂ ಕಂದಾಯವನ್ನೂ ಬರೆದಿಡುತ್ತ ಬಂದನು. ಅವನ ಸಾಧನ ಕಡತ: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ ಗಟ್ಟಿಮಾಡಿ, ಹಿಂದಕ್ಕೂ ಮುಂದಕ್ಕೂ ಮಡಿಸಿದ ಕಪ್ಪು ಪುಸ್ತಕ, ಅದರ ಮೇಲೆ ಬಳಪದ ಬಿಳಿಯ ಅಕ್ಷರ. ಶೃಂಗೇರಿಯ ಮಠದ ಕಡತಗಳು ಚರಿತ್ರೆಗೆ ದೊಡ್ಡ ಆಧಾರಗಳಾಗಿವೆ. ಕುರಿಯ ಚರ್ಮದಂತಲ್ಲದೆ ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಾಗಿದ್ದಿತು; ಆದುದರಿಂದ ಅಲ್ಲಿಯ ಲೆಕ್ಕದ ಭದ್ರತೆಯೆಲ್ಲ ಚರ್ಮದ ಗುಣದ ಮೇಲಲ್ಲ, ಬರೆಯುವವನ ಗುಣದ ಮೇಲೆ ನಿಂತಿದ್ದಿತು. ಆ ನಂಬಿಕೆಯನ್ನು ಉಳಿಸಿಕೊಂಡವರೂ ಇದ್ದರು, ಕೆಡಿಸಿಕೊಂಡವರೂ ಇದ್ದರು.

ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ತೆಗೆದುಹಾಕಿತು. ಶಾನುಭೋಗನ ಸ್ಥಾನಕ್ಕೆ ಸರಕಾರದ ಸಂಬಳದ ಗ್ರಾಮಲೆಕ್ಕಿಗ ಬಂದನು. ಈಚೆಗೆ ಅವನ ಹೆಸರು ಗ್ರಾಮ ಆಡಳಿತ ಅಧಿಕಾರಿ ಎಂದು ಬದಲಾಗಿದೆ. ಕಚೇರಿಗಳಲ್ಲಿ ಮೊದಲನೆಯ ಮತ್ತು ಎರಡನೆಯ ದರ್ಜೆಯ ಗುಮಾಸ್ತರು ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರಾಗಿದ್ದಾರೆ. ಕಪ್ಪು ಬಟ್ಟೆಯ ಮಡಿಕೆ ಹೋಗಿ ಕಾಗದ ಬಂದು, ಕಾಗದವೂ ಹೋಗಿ ಗಣಕಯಂತ್ರ ಬರುತ್ತಿದ್ದರೂ, ಅವರ ಕೈಯಲ್ಲಿ ಮೇಜಿನಿಂದ ಮೇಜಿಗೆ ಸಾಗುವ ಫೈಲಿಗೆ ಸರಕಾರದ ಕನ್ನಡದಲ್ಲಿ ಕಡತವೆಂದೇ ಹೆಸರು.